ಕ್ಯಾಂಟೀನಿನಲ್ಲಿ ಕೂತಿದ್ದಳಂತೆ

ನಮ್ಮ ಆಚೆಮನೆ ಮೇಡಂಗೆ ಈಚೆಗೆ ಒಂದೇ ಕೊರಗು. ಅವರ ಸೊಸೆ ಶಿಕ್ಷಣಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರಿದ್ದಾಳೆ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಮೊನ್ನೆ ಮೇಡಂ ಅವರ ಮೈದುನ ಯಾವುದೋ ಮಾರ್ಕ್ಸ್‌ಕಾರ್ಡ್ ತಿದ್ದುಪಡಿಗೆ ಯೂನಿವರ್ಸಿಟಿಗೆ ಹೋಗಿದ್ದವರು ಅವಳನ್ನು ನೋಡಿದರಂತೆ. ಲೈಬ್ರರಿಯಲ್ಲಲ್ಲ, ಕ್ಯಾಂಟೀನಿನಲ್ಲಿ. ಅದೂ ಹನ್ನೊಂದೂವರೆಗೆ. ಕೆಲಸ ಮುಗಿಸಿಕೊಂಡು ಒಂದು ಗಂಟೆಗೆ ಅದೇ ದಾರಿಯಲ್ಲಿ ವಾಪಸು ಬಂದಾಗಲೂ ಅಲ್ಲೇ ಇದ್ದಳಂತೆ, ನಾಲ್ಕೈದು ಜನರ ಜೊತೆ, ಜೋರಾಗಿ ನಗುತ್ತಾ.

"ನಗ್ತಿದ್ಳಂತೆ ಕಣಮ್ಮ" ಎಂದರು ಮೇಡಂ, ಗೋಡೆಯ ಆಚೆಯಿಂದ ದಾಸವಾಳ ಕೀಳುತ್ತಾ. ಕ್ಯಾಂಟೀನನ್ನಾದರೂ ಅವರು ಹೇಗೋ ನುಂಗಿಕೊಂಡಾರು, ಆ ನಗು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಓದು ಅಂದಮೇಲೆ ಅದರಲ್ಲಿ ನಗುವುದಕ್ಕೇನಿದೆ?

ಮೇಡಂ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ದುಡಿದು ಹೆಡ್‌ಮಿಸ್ಸಾಗಿ ನಿವೃತ್ತರಾದವರು. ನಾನು ಬಿ.ಎಡ್. ಕಾಲೇಜೊಂದರಲ್ಲಿ ಪಾಠ ಮಾಡುವವಳು. ಅದೇ ಶಿಕ್ಷಣಶಾಸ್ತ್ರದಲ್ಲಿ ಒಂದು ಪಿಎಚ್.ಡಿ. ಮಾಡಿಕೊಂಡಿರುವುದರಿಂದ ನಮ್ಮ ಬೀದಿಯಲ್ಲಿ ಇಂಥ ದೂರುಗಳ ವಿಚಾರಣಾಧಿಕಾರಿ ನಾನೇ.

"ನೋಡಿ ಮೇಡಂ, ಕ್ಯಾಂಟೀನಿನಲ್ಲಿ ಕೂತೂ ಥೀಸಿಸ್ ಮುಗಿಸದವರನ್ನ ಬೇಕಾದಷ್ಟು ಕಂಡಿದ್ದೀನಿ. ಕೂರದೇ ಮುಗಿಸಿದವರನ್ನ ಮಾತ್ರ ಕಂಡಿಲ್ಲ" ಎಂದೆ.

ಅವರಿಗೆ ಒಪ್ಪಿಗೆಯಾಗಲಿಲ್ಲ. ಸರ್ಕಾರಿ ನೌಕರಿ ಮಾಡಿದವರಿಗೆ ರೂಲ್ ಹೇಳಬೇಕು. ಹೇಳಿದೆ. ಯುಜಿಸಿ 2022ರ ನವೆಂಬರಿನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು. ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆರಡು, ಅಂದರೆ ಎಳೆದರೆ 10ರವರೆಗೂ ಎಳೆಯಬಹುದು. ಹೆರಿಗೆ, ಮಗುವಿನ ಆರೈಕೆಗೆಂದು 240 ದಿನ ರಜೆ ಬೇರೆ. ಹತ್ತು ಎಂದಾಗ ಮೇಡಂ ಎದೆ ಮೇಲೆ ಕೈಯಿಟ್ಟುಕೊಂಡರು. ಹೂವಿನ ಬುಟ್ಟಿ ಗೋಡೆ ಮೇಲೆ ಬಂತು.

ಶುರುವಿನಲ್ಲಿ ಕೋರ್ಸ್‌ವರ್ಕ್, ಕಡಿಮೆಯೆಂದರೆ 12 ಕ್ರೆಡಿಟ್. ಆಮೇಲೆ ಗೈಡ್. ಪ್ರೊಫೆಸರ್ ಆದರೆ ಒಂದು ಹೊತ್ತಿಗೆ 8 ಜನರನ್ನು ಇಟ್ಟುಕೊಳ್ಳಬಹುದು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ 4. ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಇಷ್ಟು ಮಾಡಿದ್ದೇನೆ ಎಂದು ಒಪ್ಪಿಸಬೇಕು. ಸಮಿತಿ ಒಂದು ಸಲ ಕೂತೆದ್ದ ಮೇಲೆ ಮತ್ತೆ ಕೂರುವವರೆಗೆ ಆರು ತಿಂಗಳು. ಈ ಆರು ತಿಂಗಳಲ್ಲಿ ಸ್ಕಾಲರ್ ಬದುಕಿದ್ದಾಳೋ ಇಲ್ಲವೋ ಎಂದು ಕೇಳಬೇಕೆಂಬ ರೂಲು ಎಲ್ಲೂ ಇಲ್ಲ. ಗೈಡ್ ಕೇಳುವುದಿಲ್ಲವೇ ಎಂದರೆ, ಪಾಪ, ಅವರು ವ್ಯಾಲ್ಯುಯೇಶನ್ನಿನಲ್ಲಿರುತ್ತಾರೆ. ಇಲ್ಲದಿದ್ದರೆ ನ್ಯಾಕ್ ಫೈಲಿನಲ್ಲಿರುತ್ತಾರೆ.

ಕೆಮಿಸ್ಟ್ರಿಯ ಹುಡುಗರ ವಿಷಯ ಬೇರೆ. ಅವರಿಗೆ ಲ್ಯಾಬ್ ಇದೆ. ಪಕ್ಕದವನ ಪ್ರಯೋಗ ಕೆಟ್ಟರೆ ವಾಸನೆಯಲ್ಲೇ ಗೊತ್ತಾಗುತ್ತದೆ. ನಮ್ಮ ಶಿಕ್ಷಣಶಾಸ್ತ್ರದ ಲ್ಯಾಬ್ ಇರುವುದು ಯಾವುದೋ ತಾಲ್ಲೂಕಿನ ಯಾವುದೋ ಶಾಲೆಯಲ್ಲಿ. ಬಿಇಒ ಆಫೀಸಿನಿಂದ ಅನುಮತಿ ಪತ್ರ ಮಾಡಿಸಿಕೊಂಡು, ಎರಡು ಬಸ್ಸು ಬದಲಾಯಿಸಿ, ಬ್ಯಾಗಿನ ತುಂಬ ಜೆರಾಕ್ಸ್ ಹೊತ್ತು ಹೋದರೆ ಹೆಡ್‌ಮಾಸ್ಟರು, ಈಗ ಎಸ್‌ಎ-ಒನ್ ಪರೀಕ್ಷೆ ನಡೀತಿದೆ, ಮುಂದಿನ ತಿಂಗಳು ಬನ್ನಿ ಅನ್ನುತ್ತಾರೆ. ಮುಂದಿನ ತಿಂಗಳು ಪ್ರತಿಭಾ ಕಾರಂಜಿ. ಅದರ ಮುಂದಿನ ತಿಂಗಳು ಜನಗಣತಿಯೋ ಚುನಾವಣೆಯೋ, ಟೀಚರುಗಳೇ ಇರುವುದಿಲ್ಲ. ಅಲ್ಲಿ ಬಣ್ಣ ಹಾರಿದ ಕುರ್ಚಿಯ ಮೇಲೆ ಒಬ್ಬಳೇ ಕಾದು, ಒಬ್ಬಳೇ ಬಸ್ಸು ಹತ್ತಿ ಬರಬೇಕು. ಕೆಟ್ಟರೂ ವಾಸನೆ ಯಾರಿಗೂ ಬರುವುದಿಲ್ಲ.

"ಓ, ಅವರಾ!" ಎಂದರು ಮೇಡಂ, ಇದ್ದಕ್ಕಿದ್ದಂತೆ ಮುಖ ಅರಳಿಸಿ. "ವರ್ಷಕ್ಕೆ ಇಬ್ರೋ ಮೂವರೋ ಬರೋರು ಕಣೇ. ಉದ್ದುದ್ದ ಕಾಗದ, ಐವತ್ತು ಅರವತ್ತು ಪ್ರಶ್ನೆ. ಸರಿಯಾಗಿ ಬಿಸಿಯೂಟದ ಹೊತ್ತಿಗೇ ಬರೋರು. ಬಿಸಿಲಲ್ಲಿ ಬಂದಿದೆ ಮಗು ಅಂತ ಕೂರಿಸಿ ಅನ್ನ ಸಾರು ಬಡಿಸೋದು. ಅದು ಊಟ ಮುಗಿಸೋದ್ರೊಳಗೆ ಕಾಗದ ಇಸ್ಕೊಂಡು ಎಲ್ಲದಕ್ಕೂ 'ಸಮ್ಮತಿಸುತ್ತೇನೆ' ಕಾಲಂನಲ್ಲಿ ಟಿಕ್ ಹಾಕಿ ಕೊಟ್ಬಿಡ್ತಿದ್ದೆ."

"ಪ್ರಶ್ನೆ ಓದದೇನಾ?"

"ಬೇಳೆ ಉಕ್ತಿತ್ತಲ್ಲ. ಕೆಲವು ಸಲ ಮಿಕ್ಕ ಟೀಚರುಗಳದ್ದೂ ನಾನೇ ಹಾಕಿದ್ದುಂಟು. ಅವರಿಗೆ ಪಿರಿಯಡ್ ಇರ್ತಿತ್ತು ನೋಡು."

ನಾನು ಎರಡು ನಿಮಿಷ ಮಾತಾಡಲಿಲ್ಲ. ರಾಜ್ಯದಲ್ಲಿ ಅದೆಷ್ಟು ಜನರ ನಾಲ್ಕನೇ ಅಧ್ಯಾಯ ಈ ಹೆಂಗಸಿನ ಟಿಕ್ ಮೇಲೆ ನಿಂತಿದೆಯೋ, ಅದೆಷ್ಟು ವ್ಯತ್ಯಾಸಗಳು 0.05 ಮಟ್ಟದಲ್ಲಿ ಸಾರ್ಥಕವೆಂದು ಸಾಬೀತಾಗಿ ಕ್ಯಾಲಿಕೋ ಬೈಂಡಿನೊಳಗೆ ಮಲಗಿವೆಯೋ! ಪ್ರಾಥಮಿಕ ಶಾಲಾ ಶಿಕ್ಷಕರ ವೃತ್ತಿತೃಪ್ತಿ ನಮ್ಮಲ್ಲಿ ಅಷ್ಟೊಂದು ಏಕಪ್ರಕಾರವಾಗಿ ಕಾಣುವುದೇಕೆ ಎಂದು ನನ್ನ ಗೆಳತಿಯೊಬ್ಬಳು ಬಹಳ ತಲೆ ಕೆಡಿಸಿಕೊಂಡಿದ್ದಳು. ಬೇಳೆ ಉಕ್ಕುತ್ತಿತ್ತು ಎಂಬುದು ಅವಳ ಯಾವ ಊಹೆಯಲ್ಲೂ ಇರಲಿಲ್ಲ.

ಇದನ್ನೆಲ್ಲ ಹಿಡಿಯುವುದು ಸಮಿತಿಯಲ್ಲ ಎಂದೆ ಮೇಡಂಗೆ. ಸಮಿತಿ ಹಿಡಿಯುವುದು ಮಾರ್ಜಿನ್ನು, ಕಾಗುಣಿತ, ಉಲ್ಲೇಖ ಬರೆಯುವ ಕ್ರಮ. ಡೇಟಾದೊಳಗಿನ ಹುಳುಕು ಹೊರಬೀಳುವುದು ಕ್ಯಾಂಟೀನಿನಲ್ಲಿ. ಕಾಗದದ ಕಟ್ಟು ಮೇಜಿನ ಮೇಲೆ ಬಿದ್ದಾಗ, ವಡೆ ತಿನ್ನುತ್ತಿದ್ದವನೊಬ್ಬ ಎಣ್ಣೆಗೈಯಲ್ಲೇ ಒಂದು ಹಾಳೆ ಎಳೆದು, ಇದೇನೇ, ಎಲ್ಲರೂ ಒಂದೇ ಪೆನ್ನಲ್ಲಿ ಬರೆದಿದ್ದಾರೆ ಎಂದಾಗ.

ನಮ್ಮ ಕಾಲದ್ದೇ ಒಂದು ಕಥೆ ಇದೆ. ಶಿಕ್ಷಣಶಾಸ್ತ್ರದವರಿಗೂ ಆಗ್ರಾಕ್ಕೂ ಹಳೆಯ ನಂಟು. ಬೇರೆಯವರು ಆಗ್ರಾದಿಂದ ಅಮೃತಶಿಲೆಯ ತಾಜಮಹಲ್ ತಂದರೆ ನಾವು ಅಲ್ಲಿಂದ ಅಂಚೆಯಲ್ಲಿ ಆತಂಕದ ಮಾಪನಿ ತರಿಸುತ್ತೇವೆ. ಬುದ್ಧಿ, ಹೊಂದಾಣಿಕೆ, ಮನೋಭಾವ ಎಲ್ಲಕ್ಕೂ ಅಲ್ಲಿ ಅಚ್ಚಾದ ಟೂಲ್ ಸಿಗುತ್ತದೆ, ಕೀ ಸಮೇತ. ನಮ್ಮ ಜೊತೆಗಾರನೊಬ್ಬ ಅಂಥದೇ ಒಂದು ಮಾಪನಿ ಹಿಡಿದು ಹೈಸ್ಕೂಲು ಶಿಕ್ಷಕರ ಒತ್ತಡ ಅಳೆದು ಬಂದ. ಇಂಥ ಟೂಲುಗಳಲ್ಲಿ ಕೆಲವು ವಾಕ್ಯ ನೇರ, ಕೆಲವು ತಿರುವು. "ನನಗೆ ಕೆಲಸ ಹೊರೆ ಎನಿಸುತ್ತದೆ" ಅನ್ನುವುದಕ್ಕೆ ಹೌದೆಂದರೆ 5 ಅಂಕ, "ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ" ಅನ್ನುವುದಕ್ಕೆ ಹೌದೆಂದರೆ 1. ಓದದೆ ಟಿಕ್ ಹಾಕುವ ಮೇಡಂನಂಥವರು ಸಿಕ್ಕಿಬೀಳಲೆಂದೇ ಅಲ್ಲಲ್ಲಿ ಹಾಗೆ ತಿರುಗಿಸಿ ಇಟ್ಟಿರುತ್ತಾರೆ. ಇವನು ಎಲ್ಲಕ್ಕೂ ನೇರವಾಗಿಯೇ ಅಂಕ ಹಾಕಿ, ಕೂಡಿ, ಕಂಪ್ಯೂಟರಿಗೆ ಉಣಿಸಿ, ಕೋಷ್ಟಕ ತೆಗೆದು, ಗೈಡ್ ಕೈಲಿ ಭೇಷ್ ಅನ್ನಿಸಿಕೊಂಡೂ ಆಗಿತ್ತು. ಕ್ಯಾಂಟೀನಿನಲ್ಲಿ ಹಾಳೆ ನೋಡಿದ ಕಿರಿಯ ಹುಡುಗಿಯೊಬ್ಬಳು, "ಅಣ್ಣಾ, ನಿಮ್ಮ ಶಿಕ್ಷಕರು ನಿದ್ದೆ ಮಾಡಿದಷ್ಟೂ ಒತ್ತಡ ಜಾಸ್ತಿ ಆಗ್ತಿದೆಯಲ್ಲ" ಎಂದಳು. ಮೇಜೇ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ, ಸ್ವಲ್ಪ ತಡವಾಗಿ. ಮತ್ತೆ ಅಂಕ ಹಾಕಿ ನೋಡಿದರೆ ಎಷ್ಟೋ ಶಿಕ್ಷಕರ ಒತ್ತಡ ಇಳಿದಿತ್ತು. ಅದೇ ಮಾತು ವೈವಾದಲ್ಲಿ ಹೊರಗಿನ ಪರೀಕ್ಷಕರ ಬಾಯಲ್ಲಿ ಬಂದಿದ್ದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ.

"ನಿಮ್ಮ ಮೈದುನ ಕೇಳಿದ್ದು ಇಂಥ ನಗು ಇರಬಹುದು" ಎಂದೆ.

ಮೇಡಂ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. "ಆ ನಾಲ್ಕೈದು ಜನ ಯಾರು?" ಎಂದರು.

ಯಾರಿರುತ್ತಾರೆ? ಎಂ.ಎಡ್. ಮುಗಿಸಿ ನೇರವಾಗಿ ಬಂದ ಇಪ್ಪತ್ತಾರರ ಹುಡುಗ ಒಬ್ಬ. ಎಸ್ಸೆಸ್ಸೆಲ್ಸಿಗೆ ಬಂದ ಮಗಳಿರುವ ಹೈಸ್ಕೂಲ್ ಮೇಷ್ಟ್ರು ಒಬ್ಬರು, ಅವರು ಪಾರ್ಟ್‌ಟೈಮ್. ಸಾಮಾನ್ಯವಾಗಿ ಒಬ್ಬ ಜೆಆರ್‌ಎಫ್, ಅಂದರೆ ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್ ಗೆದ್ದವನು. ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದು ಎಸ್‌ಆರ್‌ಎಫ್ ಆದರೆ 42,000. ಪಕ್ಕದಲ್ಲಿ ಅದೇ ಕೆಲಸ ಮಾಡುವ, ಅಷ್ಟೇ ಓದುವ, ನೆಟ್‌ನಲ್ಲಿ ಒಂದೆರಡು ಅಂಕಕ್ಕೆ ತಪ್ಪಿಹೋದವಳಿಗೆ ಬಹುಪಾಲು ಸೊನ್ನೆ. ಆಕೆ ಸಂಜೆ ಟ್ಯೂಷನ್ ಹೇಳುತ್ತಾಳೆ. ಒಂದೇ ಬೆಂಚಿನ ಮೇಲೆ ಇಷ್ಟು ಅಂತರ ಇದ್ದಾಗ ಸ್ನೇಹ ಹುಳಿಯಾಗುವುದು ಸುಲಭ. ಅದಕ್ಕೇ ಕ್ಯಾಂಟೀನಿಗೆ ತನ್ನದೇ ಆದ ರೂಲಿದೆ: ಬಿಲ್ಲು ಜೆಆರ್‌ಎಫ್ ಕೊಡಬೇಕು. ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಾರದೆ ನಿಂತಾಗ ಟ್ಯೂಷನ್ನಿನವಳು ಕೊಡಬೇಕು. ಯಾವ ಗೆಜೆಟ್ಟಿನಲ್ಲೂ ಬರದ ಈ ನಿಯಮಕ್ಕೆ ನಾನು ಕಂಡಂತೆ ಯಾರೂ ತಪ್ಪಿಲ್ಲ.

ಮೇಡಂಗೆ ಇಲ್ಲೊಂದು ಅನುಮಾನ ಬಂತು. "ಎಲ್ಲಾ ಒಟ್ಟಿಗೆ ಕೂತು ಹೇಳ್ಕೊಂಡ್ರೆ ಇವಳ ವಿಷಯ ಇನ್ನೊಬ್ಬರು ಹೊಡ್ಕೊಳ್ಳಲ್ವಾ?"

ಇದು ಅವರೊಬ್ಬರ ಅನುಮಾನವಲ್ಲ. ನಮ್ಮ ವಿಭಾಗಗಳಿಗೆ ಹಿಡಿದ ಹಳೆಯ ಜಾಡ್ಯ. ಸೇರಿದ ಹೊಸತರಲ್ಲಿ ಹಿರಿಯರು ಕಿವಿಯಲ್ಲಿ ಉಸುರುವ ಮೊದಲ ಮಂತ್ರವೇ ಅದು: ಟಾಪಿಕ್ ಯಾರಿಗೂ ಹೇಳಬೇಡ. ಹಾಗಾಗಿ ನಾಲ್ಕು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕೂತವರು ಪರಸ್ಪರರ ಟಾಪಿಕ್ ತಿಳಿಯುವುದು ಪ್ರೀ-ಸಬ್‌ಮಿಷನ್ ದಿನ, ಪರದೆಯ ಮೇಲೆ. ಕದಿಯುವಂಥದ್ದು ಅಲ್ಲೇನಿದೆ ಎಂಬುದು ನನ್ನ ಪ್ರಶ್ನೆ. ನಮ್ಮ ಟಾಪಿಕ್ಕುಗಳು ಹೆಚ್ಚುಕಡಿಮೆ ಒಂದೇ ಅಚ್ಚು. ಪ್ರೌಢಶಾಲಾ ವಿದ್ಯಾರ್ಥಿಗಳ ಇಂಥ ಸಾಧನೆಯ ಮೇಲೆ ಇಂಥ ಅಂಶದ ಪರಿಣಾಮ, ಜಿಲ್ಲೆ ಮಾತ್ರ ಬೇರೆ. ಮಂಡ್ಯದಲ್ಲಿ ಆಗಿದ್ದು ಹಾಸನದಲ್ಲಿ, ಹಾಸನದಲ್ಲಿ ಆಗಿದ್ದು ಚಾಮರಾಜನಗರದಲ್ಲಿ. ಬೈಂಡ್ ಆಗುವವರೆಗೆ ಹೀಗೆ ಮುಚ್ಚಿಟ್ಟಿದ್ದು ಕೊನೆಗೆ ಹೋಗಿ ಸೇರುವುದು ಶೋಧಗಂಗಾಕ್ಕೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ನವರು ನಡೆಸುವ ಆ ಭಂಡಾರದಲ್ಲಿ ದೇಶದ ಥೀಸಿಸ್‌ಗಳನ್ನು ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ಲೋಕಕ್ಕೆಲ್ಲ ತೆರೆದಿಡುವುದನ್ನು ಪಕ್ಕದ ಮೇಜಿನವಳಿಗೆ ಮಾತ್ರ ತೋರಿಸಬಾರದು! ಕದ್ದರೂ ದಕ್ಕುವುದಿಲ್ಲ, ಅದು ಬೇರೆ. 2018ರ ಯುಜಿಸಿ ನಿಯಮದಂತೆ ಹೋಲಿಕೆ ಶೇಕಡ 10 ದಾಟಿದರೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು.

ಹಂಚಿಕೊಳ್ಳುವುದಕ್ಕೆಂದೇ ಇರುವ ರಾಷ್ಟ್ರೀಯ ವಿಚಾರ ಸಂಕಿರಣಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಬ್ಯಾಗು, ಪೆನ್ನು, ದೀಪ ಬೆಳಗುವುದು, ಮಧ್ಯಾಹ್ನ ಪಾಯಸ. ಊಟದ ನಂತರ ಸಮಾನಾಂತರ ಗೋಷ್ಠಿ. ಐದು ನಿಮಿಷದಲ್ಲಿ ಪ್ರಬಂಧ ಮಂಡಿಸಿ ಸರ್ಟಿಫಿಕೇಟ್ ಹಿಡಿದು ಬಸ್‌ಸ್ಟ್ಯಾಂಡಿಗೆ. 2016ರ ನಿಯಮದಲ್ಲಿ ಥೀಸಿಸ್ ಕೊಡುವ ಮುಂಚೆ ಒಂದು ಲೇಖನ ಪ್ರಕಟಿಸಿರಬೇಕು, ಎರಡು ಕಡೆ ಮಂಡಿಸಿರಬೇಕು ಎಂದಿತ್ತು. ಆಗ ದುಡ್ಡು ತೆಗೆದುಕೊಂಡು ವಾರದಲ್ಲಿ ಅಚ್ಚು ಹಾಕಿಕೊಡುವ ಜರ್ನಲ್‌ಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು. ಅವುಗಳನ್ನು ಸೋಸಲು ಯುಜಿಸಿ ಒಪ್ಪಿತ ಜರ್ನಲ್‌ಗಳ ಕೇರ್ ಪಟ್ಟಿ ತಂದಿತು. 2022ರಲ್ಲಿ ಆ ಕಡ್ಡಾಯವನ್ನೇ ತೆಗೆಯಿತು, 2025ರಲ್ಲಿ ಪಟ್ಟಿಯನ್ನೂ ಕೈಬಿಟ್ಟಿತು. ಇಷ್ಟೆಲ್ಲ ಆಗುವಾಗ ಕ್ಯಾಂಟೀನಿನ ಮೇಜು ಅಲ್ಲೇ ಇತ್ತು, ಯಾರೂ ಅದನ್ನು ಯಾವ ಪಟ್ಟಿಗೂ ಸೇರಿಸಲಿಲ್ಲ.

"ಅದಿರ್ಲಿ" ಎಂದರು ಮೇಡಂ, ದನಿ ತಗ್ಗಿಸಿ. "ಮಧ್ಯರಾತ್ರೀಲಿ ಎದ್ದು ಹಾಲ್‌ನಲ್ಲಿ ಕೂತಿರ್ತಾಳೆ. ಲೈಟೂ ಹಾಕಲ್ಲ. ಕೇಳಿದ್ರೆ ಏನಿಲ್ಲಮ್ಮ ಅಂತಾಳೆ. ನನಗೆ ಅದು ಭಯ."

ದೂರಿನ ಒಳಗಿದ್ದ ನಿಜವಾದ ಮಾತು ಇದು. ನಾನು ತಮಾಷೆ ಬಿಟ್ಟೆ. ಪಿಎಚ್.ಡಿ.ಯವರಿಗೆ ಇದು ಬಹಳ ಆಗುತ್ತದೆ ಮೇಡಂ ಎಂದೆ. 2018ರಲ್ಲಿ 'ನೇಚರ್ ಬಯೋಟೆಕ್ನಾಲಜಿ' ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂದಿತ್ತು. 26 ದೇಶಗಳ 2,279 ಜನ, ಹೆಚ್ಚಿನವರು ಪಿಎಚ್.ಡಿ. ಮಾಡುತ್ತಿದ್ದವರು. ಖಿನ್ನತೆ, ಆತಂಕ ಎರಡೂ ಸಾಮಾನ್ಯ ಜನರಿಗಿಂತ ಅವರಲ್ಲಿ ಆರು ಪಟ್ಟಿಗೂ ಹೆಚ್ಚು ಕಂಡಿದ್ದವು.

"ಯಾರು ಟಿಕ್ ಹಾಕಿದ್ದು?" ಎಂದರು ಮೇಡಂ.

ಪ್ರಶ್ನೆ ಸರಿಯಾಗಿಯೇ ಇತ್ತು. ಇಮೇಲಿನಲ್ಲೂ ಸೋಷಿಯಲ್ ಮೀಡಿಯಾದಲ್ಲೂ ಕಳಿಸಿದ ಪ್ರಶ್ನಾವಳಿ ಅದು. ಮನಸ್ಸು ನೊಂದವರೇ ಹೆಚ್ಚು ಆಸಕ್ತಿಯಿಂದ ತುಂಬಿರಬಹುದು. ಆರು ಪಟ್ಟು ಅಲ್ಲದೆ ಮೂರೇ ಇರಲಿ, ಕತ್ತಲಲ್ಲಿ ಕೂತವರಿಗೆ ಅದರಿಂದೇನೂ ಹಗುರಾಗುವುದಿಲ್ಲ. ವಿಚಿತ್ರವೆಂದರೆ ಊರವರ ಒತ್ತಡ, ಆತಂಕ, ಭಾವನಾತ್ಮಕ ಬುದ್ಧಿಮತ್ತೆಯನ್ನೆಲ್ಲ ಅಳೆಯುವವರು ನಾವೇ. ವಿಭಾಗದ ಬೀರುವಿನಲ್ಲಿ ಮಾಪನಿಗಳ ಕಟ್ಟು ಕಟ್ಟೇ ಇರುತ್ತದೆ. ಅಳೆಯುವವರನ್ನು ಅಳೆಯುವುದಿಲ್ಲ. ವಿಭಾಗವೊಂದರಲ್ಲಿ ಒತ್ತಡ ನಿರ್ವಹಣೆಯ ಬಗ್ಗೆ ವಿಶೇಷ ಉಪನ್ಯಾಸ ಏರ್ಪಡಿಸಿದ್ದರು. ಪ್ರಗತಿ ವರದಿ ಒಪ್ಪಿಸುವ ಹಿಂದಿನ ದಿನ, ಮಧ್ಯಾಹ್ನ ಎರಡರಿಂದ ಐದು, ಹಾಜರಿ ಕಡ್ಡಾಯ. ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದರು ಭಾಷಣಕಾರರು. ಹಿಂದಿನ ಸಾಲಿನವರು ಉಸಿರು ಬಿಗಿಹಿಡಿದು ಅಡಿಟಿಪ್ಪಣಿ ತಿದ್ದುತ್ತಿದ್ದರು.

ಕ್ಯಾಂಟೀನ್ ಔಷಧಿಯಂಗಡಿಯಲ್ಲ, ಅದನ್ನೂ ಹೇಳಬೇಕು. ನಿದ್ದೆ ವಾರಗಟ್ಟಲೆ ಹೋದರೆ, ಬದುಕೇ ಬೇಡ ಎನ್ನುವ ಮಾತು ಬಂದರೆ, ಟೀ ಸಾಲದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ಗೆ, 14416ಕ್ಕೆ, ಹಗಲು ರಾತ್ರಿ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದರ ಹಿಂದೆ ಇರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಮೇಡಂ ನಂಬರನ್ನು ಅಂಗೈಯಲ್ಲಿ ಬರೆದುಕೊಂಡರು, ಹಳೆಯ ಅಭ್ಯಾಸ. ಆದರೆ ಅಷ್ಟು ದೂರ ಹೋಗುವ ಮೊದಲಿನ ಹಂತವೊಂದಿದೆ. ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳುವ ಒಬ್ಬರು. ನನಗೂ ಮೂರನೇ ಅಧ್ಯಾಯ ಹೀಗೇ ನಿಂತಿತ್ತು ಎನ್ನುವ ಇನ್ನೊಬ್ಬರು. ಮನೆಯವರು ಆ ಜಾಗಕ್ಕೆ ಬರುವುದು ಕಷ್ಟ, ಏಕೆಂದರೆ ಮನೆಯವರಿಗೆ ಗೊತ್ತಿರುವುದು ಒಂದೇ ಪ್ರಶ್ನೆ: ಮುಗೀತಾ?

ಮೇಡಂ ನೆಲ ನೋಡಿದರು. ದಿನಕ್ಕೆ ಎಷ್ಟು ಸಲ ಕೇಳಿದ್ದರೋ ಏನೋ.

ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಒಂದನೇ ಕ್ಲಾಸಿನ ಮಕ್ಕಳಿಗೇ ಅದಿತ್ತಲ್ಲೇ" ಎಂದರು.

"ಏನು ಮೇಡಂ?"

"ತಟ್ಟೆ. ನಲಿ-ಕಲೀಲಿ."

ಆಮೇಲೆ ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಎಷ್ಟೋ ದಿನದ ಮೇಲೆ ವಿಚಾರಣಾಧಿಕಾರಿಗೆ ರಜೆ ಸಿಕ್ಕಿತ್ತು. 1995ರಲ್ಲಿ ನಲಿ-ಕಲಿ ಪದ್ಧತಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತಾಗ ಮೇಡಂ ಅಲ್ಲಿದ್ದರು. ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಶಿಕ್ಷಕರು ಇಲ್ಲಿಯ ಮಕ್ಕಳಿಗೆ ಒಪ್ಪುವ ಹಾಗೆ ಪಠ್ಯವನ್ನು ಕಾರ್ಡುಗಳಾಗಿ ಒಡೆದರು. ಯುನಿಸೆಫ್ ನೆರವಿತ್ತು. ಕಲಿಕಾ ಏಣಿ, ಮೈಲಿಗಲ್ಲು, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಚಪ್ಪರ. ಮಕ್ಕಳು ಸಾಲಾಗಿ ಕೂರುವಂತಿಲ್ಲ, ಗುಂಪಾಗಿ ತಟ್ಟೆಗಳಲ್ಲಿ ಕೂರಬೇಕು. ಒಂದು ತಟ್ಟೆಗೆ ಟೀಚರ ನೆರವು. ಇನ್ನೊಂದಕ್ಕೆ ಗೆಳೆಯರ ನೆರವು, ಅಲ್ಲಿ ಟೀಚರು ಕೈಹಾಕುವಂತಿಲ್ಲ, ಪಕ್ಕದ ಮಗುವೇ ಹೇಳಿಕೊಡಬೇಕು. ಮತ್ತೊಂದು ಸ್ವಕಲಿಕೆಯದು. 2009-10ರ ಹೊತ್ತಿಗೆ ಇದು ರಾಜ್ಯದುದ್ದಕ್ಕೂ ಹರಡಿತು.

"ರಾತ್ರಿ ಲಾಟೀನು ಇಟ್ಕೊಂಡು ಕಾರ್ಡ್ ಬರೀತಿದ್ವಿ" ಎಂದರು. "ಒಬ್ಬರು ಹಾಡು ಕಟ್ಟೋರು, ಒಬ್ಬರು ಚಿತ್ರ. ನನ್ನ ಚಿತ್ರ ನೋಡಿ ಇದು ಆನೇನಾ ಹಂದೀನಾ ಅಂತ ಎಲ್ಲಾ ನಗೋರು. ಬೆಳಿಗ್ಗೆ ಮಕ್ಕಳ ಮುಂದೆ ಇಡೋದು, ಮಕ್ಕಳು ಹಂದಿ ಅಂದ್ರೆ ಸಂಜೆ ಮತ್ತೆ ಬರೆಯೋದು. ಯಾವ ಕಾರ್ಡ್ ಯಾರದ್ದು ಅಂತ ಈಗ ಕೇಳಿದ್ರೆ ನಮಗೇ ಗೊತ್ತಿಲ್ಲ."

ಗೊತ್ತಿರುವುದು ಬೇಕಾಗಿಯೂ ಇಲ್ಲ. ಅವರ್ಯಾರೂ ಅದಕ್ಕೆ ಪಿಎಚ್.ಡಿ. ಪಡೆಯಲಿಲ್ಲ. ಪಡೆದವರು ಆಮೇಲೆ ಬಂದವರು, ನಲಿ-ಕಲಿಯ ಪರಿಣಾಮಕಾರಿತ್ವದ ಮೇಲೆ. ಒಬ್ಬೊಬ್ಬರೇ ಬಂದು, ಒಬ್ಬೊಬ್ಬರೇ ಅಳೆದುಕೊಂಡು ಹೋದರು. ಗೆಳೆಯರ ತಟ್ಟೆ ಮಕ್ಕಳ ಕಲಿಕೆಗೆ ನೆರವಾಗುತ್ತದೆಂದು ಐದನೇ ಅಧ್ಯಾಯದಲ್ಲಿ ಶಿಫಾರಸು ಮಾಡಿ, ಆ ಅಧ್ಯಾಯವನ್ನು ಪಕ್ಕದವರಿಗೆ ಕಾಣದ ಹಾಗೆ ತಲೆಕೆಳಗು ಮಾಡಿಟ್ಟು ಮನೆಗೆ ಹೋಗುವವರನ್ನು ನಾನೇ ಕಂಡಿದ್ದೇನೆ.

"ಅಂದಹಾಗೆ ನಿಮ್ಮ ಸೊಸೆಯ ಟಾಪಿಕ್ ಏನು ಮೇಡಂ?"

"ಏನೋ ಮಕ್ಕಳ ಕಲಿಕೆ ಅಂತೆ. ನಾನು ಕೇಳಿಲ್ಲ."

ನನಗೆ ಗೊತ್ತಿತ್ತು. ಹೋದ ವಾರ ಅವಳೇ ಸಿನಾಪ್ಸಿಸ್ ತಂದು ತೋರಿಸಿದ್ದಳು. ನಲಿ-ಕಲಿ ತರಗತಿಗಳಲ್ಲಿ ಗೆಳೆಯರ ನೆರವಿನ ಕಲಿಕೆ, ಶಿಕ್ಷಕರ ಅನುಭವ. ಮೇಡಂಗೆ ಹೇಳಿದೆ. ಅವರ ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು.

"ಮನೇಲಿ ನಾನಿದ್ದೀನಿ! ಬಸ್ಸು ಹತ್ತಿ ಎಲ್ಲೆಲ್ಲೋ ಅಲೀತಾಳಲ್ಲೇ! ಇವತ್ತೇ ಹೇಳ್ತೀನಿ. ಟಿಕ್ ಗಿಕ್ ನಾನು ಹಾಕಲ್ಲ. ಕೂರಲಿ, ನಾನು ಹೇಳ್ತಾ ಹೋಗ್ತೀನಿ, ಅವಳು ಬರ್ಕೊಳ್ಳಲಿ. ನಮ್ಮ ಆಗಿನ ಟೀಚರುಗಳನ್ನೂ ಕರೆಸ್ತೀನಿ, ಇನ್ನೂ ನಾಲ್ಕು ಜನ ಗಟ್ಟಿಯಾಗಿದ್ದಾರೆ."

"ಆಗಲ್ಲ ಮೇಡಂ. ಅವಳ ಸ್ಯಾಂಪಲ್ಲಿನಲ್ಲಿ ಈಗ ಕೆಲಸದಲ್ಲಿರೋ ಶಿಕ್ಷಕರು ಮಾತ್ರ. ರಿಟೈರಾದವರು ಅಧ್ಯಯನದ ಮಿತಿಯಿಂದ ಹೊರಗೆ. ಸಿನಾಪ್ಸಿಸ್‌ನಲ್ಲಿ ಹಾಗೇ ಬರೆದಾಗಿದೆ, ಗೈಡ್ ಸಹಿ ಹಾಕಿದ್ದಾರೆ."

ಮೇಡಂ ಹೂವಿನ ಬುಟ್ಟಿ ಎತ್ತಿಕೊಂಡರು.

"ಆ ಗೈಡ್ ಮಧ್ಯಾಹ್ನ ಎಲ್ಲಿ ಸಿಗ್ತಾರೆ, ಅದು ಹೇಳು" ಎಂದರು.